ಯೀಸ್ಟ್ ಮಾಡುವ ಮೆಲಟೋನಿನ್: ಸಣ್ಣ ಬೆಂಚಿನಲ್ಲಿ ಎಲ್ಲಿಯವರೆಗೆ ಕಾಣುತ್ತದೆ

ಮೆಲಟೋನಿನ್ ಅಂದರೆ ನಿದ್ದೆಯ ಹಾರ್ಮೋನು ಅಂತಲೇ ಹೆಚ್ಚಿನವರಿಗೆ ಗೊತ್ತು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಮತ್ತು ಜೊತೆಗಾರರು ಅದನ್ನು ಮೊದಲು ಬೇರ್ಪಡಿಸಿದ್ದು ದನಗಳ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿಯಿಂದ. ಮಿದುಳೇ ಇಲ್ಲದ ಯೀಸ್ಟ್ ಕೂಡ ಇದೇ ಅಣುವನ್ನು ಮಾಡುತ್ತದೆ. 1999ರಲ್ಲಿ ಜರ್ಮನಿಯ ಗೊಟ್ಟಿಂಗೆನ್‌ನ ಹಾರ್ಡೆಲಾಂಡ್ ಗುಂಪು ಯೀಸ್ಟ್‌ನಲ್ಲಿ ಮೆಲಟೋನಿನ್ ಇದೆ, ಅದರ ಪ್ರಮಾಣ ಟ್ರಿಪ್ಟೋಫಾನ್ ಅನ್ನುವ ಅಮೈನೋ ಆಮ್ಲ ಎಷ್ಟು ಸಿಗುತ್ತದೆ ಅನ್ನುವುದರ ಮೇಲೆ ನಿಂತಿದೆ ಅಂತ ಬರೆಯಿತು. ಆಮೇಲೆ ಸ್ಪೇನಿನ ವೈನ್ ಸಂಶೋಧಕರು ಹುದುಗುವಾಗ ಯೀಸ್ಟೇ ಮೆಲಟೋನಿನ್ ಮಾಡಿ ಹೊರಗೆ ಬಿಡುತ್ತದೆ ಅಂತ ತೋರಿಸಿದರು.

ಇದನ್ನೆಲ್ಲ ಅವರು ಅಳೆದಿದ್ದು ದೊಡ್ಡ ಯಂತ್ರಗಳಲ್ಲಿ. ನನ್ನ ಬಳಿ ಅವಿಲ್ಲ. ವಸ್ತುಗಳನ್ನು ಬೇರೆ ಬೇರೆ ಎತ್ತರಕ್ಕೆ ಏರಿಸಿ ಬಿಡಿಸುವ ತೆಳುಪದರದ ಪ್ಲೇಟು, ಒಂದು ನೇರಳಾತೀತ ದೀಪ, ಬಣ್ಣ ಬರಿಸುವ ಒಂದು ದ್ರಾವಣ, ಇಷ್ಟು ಇಟ್ಟುಕೊಂಡು ಯೀಸ್ಟ್ ಒಳಗೆ ಟ್ರಿಪ್ಟೋಫಾನ್ ಏನಾಗುತ್ತದೆ ಅಂತ ಎಷ್ಟು ನೋಡಬಹುದು? ಈ ಬರಹ ಅದರ ದಾಖಲೆ. ಫಲ ಏನು ಅಂತ ಈಗಲೇ ಹೇಳಿಬಿಡುತ್ತೇನೆ. ಟ್ರಿಪ್ಟೋಫಾಲ್ ಅನ್ನುವ ವಸ್ತು ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು. ಮೆಲಟೋನಿನ್‌ಗೆ ಒಂದೇ ಹೆಜ್ಜೆ ಹಿಂದಿರುವ ವಸ್ತು ಮಸುಕಾಗಿ ಕಂಡಿತು. ಮೆಲಟೋನಿನ್ ಕಾಣಲಿಲ್ಲ. ಈ ಬೆಂಚಿನಲ್ಲಿ ಅದು ಕಾಣುವುದೂ ಇಲ್ಲ. ಯಾಕೆ ಅನ್ನುವ ಲೆಕ್ಕ ಕೆಳಗಿದೆ.

ಒಂದು ಮಾತು ಮೊದಲೇ. ಇದರಲ್ಲಿ ಬರುವ ಯಾವುದನ್ನೂ ಬಾಯಿಗೆ ಹಾಕುವ ಹಾಗಿಲ್ಲ. ನಿದ್ದೆಗೆ ಮನೆಮದ್ದು ಮಾಡುವ ದಾರಿ ಇದಲ್ಲ.

ಅಣುವಿನ ದಾರಿ

ಟ್ರಿಪ್ಟೋಫಾನ್ ಒಂದು ಅಮೈನೋ ಆಮ್ಲ. ಒಂದು ಕಡೆ ಇಂಡೋಲ್ ಅನ್ನುವ ಜೋಡಿ ಉಂಗುರ, ಇನ್ನೊಂದು ಕಡೆ ಸಣ್ಣ ಬಾಲ. ಬಾಲದಲ್ಲಿ ಅಮೈನೋ ಗುಂಪೂ ಇದೆ, ಕಾರ್ಬಾಕ್ಸಿಲ್ ಗುಂಪೂ ಇದೆ. ಇದು ಮೆಲಟೋನಿನ್ ಆಗಬೇಕಾದರೆ ನಾಲ್ಕು ಕೆಲಸ ನಡೆಯಬೇಕು. ಉಂಗುರದ ಐದನೇ ಜಾಗಕ್ಕೆ ಹೈಡ್ರಾಕ್ಸಿಲ್ ಬರಬೇಕು. ಬಾಲದ ಕಾರ್ಬಾಕ್ಸಿಲ್ ಕಳಚಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು. ಈ ಎರಡು ಆದರೆ ಸೆರೊಟೋನಿನ್ ಸಿಗುತ್ತದೆ. ಆಮೇಲೆ ಅಮೈನೋ ಗುಂಪಿಗೆ ಅಸಿಟೈಲ್ ಅಂಟಬೇಕು, ಹೈಡ್ರಾಕ್ಸಿಲ್ ಮೇಲೆ ಮಿಥೈಲ್ ಕೂರಬೇಕು. ಅಸಿಟೈಲ್ ಬರುವುದು ಅಸಿಟೈಲ್ ಕೋ-ಎ ಇಂದ. ಮಿಥೈಲ್ ಕೊಡುವುದು ಎಸ್-ಅಡಿನೋಸಿಲ್ ಮಿಥಿಯೋನಿನ್.

ಯಾವ ಕೆಲಸ ಮೊದಲು ಅನ್ನುವುದರಲ್ಲೇ ಮಜಾ ಇರುವುದು. ಪ್ರಾಣಿಗಳು ಮೊದಲು ಹೈಡ್ರಾಕ್ಸಿಲ್ ಹಾಕಿ ಆಮೇಲೆ ಕಾರ್ಬಾಕ್ಸಿಲ್ ತೆಗೆಯುತ್ತವೆ. ಗಿಡಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು: ಮೊದಲು ಕಾರ್ಬಾಕ್ಸಿಲ್ ಕಳಚಿ ಟ್ರಿಪ್ಟಮೀನ್, ಆಮೇಲೆ ಸೆರೊಟೋನಿನ್. ಸ್ಪೇನಿನ ಸಂಶೋಧಕರು ಮಧ್ಯದ ವಸ್ತುಗಳನ್ನು ಒಂದೊಂದಾಗಿ ಯೀಸ್ಟ್‌ಗೆ ಕೊಟ್ಟು ನೋಡಿದಾಗ ಅದು ಹೆಚ್ಚಾಗಿ ಗಿಡಗಳ ದಾರಿ ಹಿಡಿದಂತೆ ಕಂಡಿತು. ನನಗೆ ಇದರಲ್ಲಿ ಒಂದು ತರ್ಕ ಕಾಣುತ್ತದೆ. ಪ್ರಾಣಿಗಳ ಹೈಡ್ರಾಕ್ಸಿಲ್ ಹೆಜ್ಜೆಗೆ ಟೆಟ್ರಾಹೈಡ್ರೋಬಯೋಪ್ಟೆರಿನ್ ಅನ್ನುವ ಸಹಾಯಕ ಅಣು ಬೇಕು. ಬ್ರೆಡ್ ಯೀಸ್ಟ್ ಅದನ್ನು ಮಾಡುವುದಿಲ್ಲ. ಹಾಗಾಗಿ ಪ್ರಾಣಿಗಳ ದಾರಿಯನ್ನು ಅದು ಹಾಗೇ ನಕಲು ಮಾಡಲು ಬರುವುದಿಲ್ಲ.

ಅಸಿಟೈಲ್ ಹೆಜ್ಜೆಗೆ ಪ್ರಾಣಿಗಳಲ್ಲಿ ಒಂದು ಹೆಸರಾಂತ ಕಿಣ್ವ ಇದೆ. ರಾತ್ರಿ ಮೆಲಟೋನಿನ್ ಏರುವುದಕ್ಕೆ ಅದೇ ಕಾರಣ. ಅದರ ದೂರದ ನೆಂಟ ಯೀಸ್ಟ್‌ನಲ್ಲೂ ಇದೆ, ಹೆಸರು ಪಿಎಎ1. ಯೀಸ್ಟ್‌ನಲ್ಲಿ ಅದು ಪಾಲಿಅಮೀನ್‌ಗಳಿಗೆ ಅಸಿಟೈಲ್ ಅಂಟಿಸುವ ಕಿಣ್ವ ಅಂತಲೇ ಹೆಸರು ಪಡೆದಿದೆ.

ಇಷ್ಟು ಮೆಲಟೋನಿನ್‌ನ ದಾರಿ. ಆದರೆ ಟ್ರಿಪ್ಟೋಫಾನ್‌ಗೆ ಯೀಸ್ಟ್‌ನಲ್ಲಿ ಇದಕ್ಕಿಂತ ಎಷ್ಟೋ ಅಗಲದ ದಾರಿ ಇನ್ನೊಂದಿದೆ. 1907ರಲ್ಲಿ ಫೆಲಿಕ್ಸ್ ಎರ್ಲಿಖ್ ವಿವರಿಸಿದ ದಾರಿ ಅದು. ಯೀಸ್ಟ್‌ಗೆ ಸಾರಜನಕ ಬೇಕು. ಅಮೈನೋ ಆಮ್ಲದ ಅಮೈನೋ ಗುಂಪನ್ನು ಕಿತ್ತುಕೊಳ್ಳುತ್ತದೆ. ಉಳಿದ ಅಸ್ಥಿಪಂಜರದಿಂದ ಕಾರ್ಬಾಕ್ಸಿಲ್ ತೆಗೆದು, ಆಲ್ಕೋಹಾಲ್ ಮಾಡಿ, ಹೊರಗೆ ಎಸೆಯುತ್ತದೆ. ಟ್ರಿಪ್ಟೋಫಾನ್‌ನಿಂದ ಹೀಗೆ ಬರುವ ಆಲ್ಕೋಹಾಲೇ ಟ್ರಿಪ್ಟೋಫಾಲ್. ಫಿನೈಲ್‌ಅಲನಿನ್‌ನಿಂದ ಬರುವುದು ಫಿನೈಲ್‌ಎಥನಾಲ್, ಅದಕ್ಕೆ ಗುಲಾಬಿಯ ವಾಸನೆ. ಈ ವಾಸನೆ ಮುಂದೆ ಕೆಲಸಕ್ಕೆ ಬಂತು.

ದೀಪದ ಪೆಟ್ಟಿಗೆ

ಇಂಡೋಲ್ ಉಂಗುರ ಬೆಳಕು ಹೀರುವುದು 280 ನ್ಯಾನೋಮೀಟರ್ ಸುತ್ತಮುತ್ತ. ನೋಟು ಪರೀಕ್ಷಿಸುವ ನೇರಳೆ ಟಾರ್ಚು 365 ಅಥವಾ 395 ನ್ಯಾನೋಮೀಟರಿನದು. ಅದನ್ನು ಹಿಡಿದರೆ ಪ್ಲೇಟಿನಲ್ಲಿ ಏನೂ ಕಾಣುವುದಿಲ್ಲ. ಬೇಕಾಗಿದ್ದು 254 ನ್ಯಾನೋಮೀಟರ್, ಅಂದರೆ ಕ್ರಿಮಿನಾಶಕ ದೀಪಗಳಲ್ಲಿರುವ ಕಡಿಮೆ ಒತ್ತಡದ ಪಾದರಸದ ಟ್ಯೂಬು. ಪ್ಲೇಟುಗಳೂ ಅದಕ್ಕೆ ಹೊಂದುವ ಎಫ್254 ಜಾತಿಯವು. ಸಿಲಿಕಾ ಪದರದಲ್ಲಿ ಬೆರೆಸಿರುವ ಪುಡಿ ಈ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ. ಬೆಳಕನ್ನು ತಾನೇ ಹೀರುವ ವಸ್ತು ಇದ್ದ ಕಡೆ ಹೊಳಪು ಸತ್ತು ಕಪ್ಪು ಚುಕ್ಕೆ ಕಾಣುತ್ತದೆ.

ಈ ದೀಪ ಆಟದ ವಸ್ತುವಲ್ಲ. ಕಣ್ಣಿನ ಮೇಲ್ಪದರ, ಚರ್ಮ ಎರಡನ್ನೂ ಸುಡುತ್ತದೆ. ಸುಡುವಾಗ ಗೊತ್ತಾಗುವುದಿಲ್ಲ, ಗಂಟೆಗಳಾದ ಮೇಲೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿ ಶುರುವಾಗುತ್ತದೆ. ಆದ್ದರಿಂದ ಪೆಟ್ಟಿಗೆಗೇ ಜಾಸ್ತಿ ಸಮಯ ಕೊಟ್ಟೆ. ದಪ್ಪ ಪ್ಲೈವುಡ್, ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ. ಟ್ಯೂಬು ಮೇಲಿನ ಒಂದು ಮೂಲೆಯಲ್ಲಿ, ಪ್ಲೇಟು ಕೆಳಗೆ ಓರೆಯಾಗಿ. ಮುಚ್ಚಳದ ಅಂಚಿಗೆ ಒಂದು ಮೈಕ್ರೋಸ್ವಿಚ್ ಕೂರಿಸಿ ಅದನ್ನು ದೀಪದ ಚೋಕಿನ ಸರಣಿಯಲ್ಲೇ ಜೋಡಿಸಿದೆ. ಮುಚ್ಚಳ ಒಂದು ಬೆರಳಷ್ಟು ಎತ್ತಿದರೂ ದೀಪ ಆರಬೇಕು. ನೋಡುವ ಕಿಂಡಿಗೆ 4 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆ. ಹಸಿರು ಬೆಳಕು ಅದರಲ್ಲಿ ಚೆನ್ನಾಗಿ ದಾಟುತ್ತದೆ, 254 ದಾಟುವುದಿಲ್ಲ.

ಸೋರಿಕೆ ಪರೀಕ್ಷೆಗೆ ಹೊಸ ಉಪಕರಣವೇನೂ ಬೇಕಿಲ್ಲ. ಪ್ಲೇಟು ಕತ್ತರಿಸಿದಾಗ ಉಳಿದ ತುಂಡುಗಳೇ ಸಾಕು. ಕೋಣೆಯನ್ನು ಪೂರ್ತಿ ಕತ್ತಲು ಮಾಡಿ, ಮುಖಕ್ಕೆ ಪಾಲಿಕಾರ್ಬೊನೇಟ್ ಗುರಾಣಿ, ಕೈಗೆ ಗವಸು ಹಾಕಿ, ಒಂದು ಪಟ್ಟಿಯನ್ನು ಕಡ್ಡಿಗೆ ಅಂಟಿಸಿ ಪೆಟ್ಟಿಗೆಯ ಪ್ರತಿ ಸಂದಿಯ ಮುಂದೆ ನಿಧಾನವಾಗಿ ಆಡಿಸಿದೆ. ಪಟ್ಟಿ ಹಸಿರಾದರೆ ಅಲ್ಲಿ ಸೋರಿಕೆ. ಕಿಂಡಿಯ ಮುಂದೆ ಪಟ್ಟಿ ಸುಮ್ಮನಿತ್ತು. ವಿದ್ಯುತ್ ತಂತಿ ಒಳಹೋಗುವ ತೂತಿನ ಬಳಿ ಮಾತ್ರ ಕಡಲೆಕಾಳಿನಷ್ಟು ಜಾಗ ಹಸಿರು ಮಿಂಚಿತು. ತಂತಿ ನೇರವಾಗಿ ಒಳಹೋಗುವ ಬದಲು ಎರಡು ಬಾರಿ ತಿರುಗುವ ಹಾಗೆ ಒಂದು ಸಣ್ಣ ಮರದ ಅಡ್ಡಗೋಡೆ ಇಟ್ಟ ಮೇಲೆ ಅದೂ ನಿಂತಿತು. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಮೇವು ಮತ್ತು ಫ್ಲಾಸ್ಕುಗಳು

ಯೀಸ್ಟ್ ಬೇರೆ ಯಾವುದೂ ಅಲ್ಲ, ಬ್ರೆಡ್‌ಗೆ ಹಾಕುವ ಒಣ ಯೀಸ್ಟ್, ಸ್ಯಾಕರೋಮೈಸಿಸ್ ಸೆರೆವಿಸಿಯೆ. ಪೊಟ್ಟಣದಲ್ಲಿ ಬ್ಯಾಕ್ಟೀರಿಯಾಗಳೂ ಸ್ವಲ್ಪ ಇರುತ್ತವೆ. ಬ್ಯಾಕ್ಟೀರಿಯಾಗಳಿಗೂ ಟ್ರಿಪ್ಟೋಫಾನ್ ಮೇಲೆ ತಮ್ಮದೇ ಕೈಚಳಕ ಇದೆ. ಹಾಗಾಗಿ ಅಗರ್ ತಟ್ಟೆಯ ಮೇಲೆ ಗೀರಿ, ಒಂಟಿಯಾಗಿ ಬೆಳೆದ ಒಂದು ಗುಂಡು ಕಾಲೊನಿಯನ್ನು ಆರಿಸಿ, ಅದರಿಂದಲೇ ಎಲ್ಲ ಫ್ಲಾಸ್ಕುಗಳನ್ನೂ ಶುರು ಮಾಡಿದೆ.

ಮೇವಿನ ತಳಹದಿ ಎಲ್ಲಕ್ಕೂ ಒಂದೇ. ಲೀಟರಿಗೆ 20 ಗ್ರಾಂ ಗ್ಲುಕೋಸ್, ಜೊತೆಗೆ 1.7 ಗ್ರಾಂ ಯೀಸ್ಟ್ ನೈಟ್ರೋಜನ್ ಬೇಸ್. ಈ ಬೇಸ್‌ನಲ್ಲಿ ಅಮೈನೋ ಆಮ್ಲವೂ ಇಲ್ಲ, ಅಮೋನಿಯಂ ಸಲ್ಫೇಟೂ ಇಲ್ಲ, ಅಂಥದ್ದನ್ನೇ ಕೇಳಿ ತರಿಸಬೇಕು. ಅಂದರೆ ಸಾರಜನಕ ಯಾವುದು ಅಂತ ನಾನೇ ತೀರ್ಮಾನಿಸಬಹುದು. ಇಡೀ ಪ್ರಯೋಗ ನಿಂತಿರುವುದು ಈ ಒಂದು ಹಿಡಿತದ ಮೇಲೆ.

ಮೊದಲ ಫ್ಲಾಸ್ಕಿಗೆ ಅಮೋನಿಯಂ ಸಲ್ಫೇಟ್ ಮಾತ್ರ, ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ. ಎರಡನೆಯದಕ್ಕೆ ಅಮೋನಿಯಂ ಜೊತೆ ಟ್ರಿಪ್ಟೋಫಾನ್ ಲೀಟರಿಗೆ 1 ಗ್ರಾಂ. ಮೂರನೆಯದಕ್ಕೆ ಬರೀ ಟ್ರಿಪ್ಟೋಫಾನ್. ನಾಲ್ಕನೆಯದಕ್ಕೆ ಬರೀ ಫಿನೈಲ್‌ಅಲನಿನ್. ಐದನೆಯದಕ್ಕೆ ಮೂರನೆಯದರ ಮೇವೇ, ಆದರೆ ಯೀಸ್ಟ್ ಇಲ್ಲ. ಈ ಐದನೆಯದು ಮುಖ್ಯ. ಟ್ರಿಪ್ಟೋಫಾನ್ ಬೆಳಕಿಗೆ, ಗಾಳಿಗೆ ತಾನಾಗಿಯೇ ಕೆಡುತ್ತದೆ. ಆ ಚುಕ್ಕೆಗಳನ್ನು ಯೀಸ್ಟ್‌ನ ಲೆಕ್ಕಕ್ಕೆ ಸೇರಿಸಬಾರದು ಅಲ್ವಾ? ಅದೇ ಕಾರಣಕ್ಕೆ ಗ್ಲುಕೋಸ್ ನೀರನ್ನು ಮಾತ್ರ ಪ್ರೆಷರ್ ಕುಕ್ಕರಿನಲ್ಲಿ ಕಾಯಿಸಿ, ಟ್ರಿಪ್ಟೋಫಾನನ್ನು 0.2 ಮೈಕ್ರೋಮೀಟರ್ ಫಿಲ್ಟರ್ ಮೂಲಕ ಆಮೇಲೆ ಸೇರಿಸಿದೆ. ಎಲ್ಲದಕ್ಕೂ ಅಲ್ಯೂಮಿನಿಯಂ ಹಾಳೆ ಸುತ್ತಿ 28 ಡಿಗ್ರಿಯಲ್ಲಿ ಅಲುಗಾಡಿಸುತ್ತ ಇಟ್ಟೆ.

ಅಮೋನಿಯಂ ಇದ್ದ ಫ್ಲಾಸ್ಕುಗಳು ಬೇಗ ಕದಡಿದವು. ಟ್ರಿಪ್ಟೋಫಾನ್ ಮಾತ್ರ ಇದ್ದದ್ದು ಬೇಸರ ಬರುವಷ್ಟು ನಿಧಾನ. ಯೀಸ್ಟ್‌ಗೆ ಅದು ಬಡ ಸಾರಜನಕ. ಬೇರೆ ಗತಿ ಇಲ್ಲದಾಗ ಮಾತ್ರ ಅದರ ಮೇಲೆ ಬದುಕುತ್ತದೆ.

ಫಿನೈಲ್‌ಅಲನಿನ್ ಫ್ಲಾಸ್ಕು ಇಟ್ಟಿದ್ದು ಮೂಗಿಗೋಸ್ಕರ. ಟ್ರಿಪ್ಟೋಫಾಲ್‌ಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ, ಅದನ್ನು ಪ್ಲೇಟಿನಲ್ಲೇ ನೋಡಬೇಕು. ಆದರೆ ಎರಡು ಅಮೈನೋ ಆಮ್ಲಗಳನ್ನೂ ಅದೇ ಎರ್ಲಿಖ್ ದಾರಿಯ ಕಿಣ್ವಗಳೇ ಹಿಡಿಯುತ್ತವೆ. ಹತ್ತಿಯ ಬಿರಡೆ ತೆಗೆದು ಕೈಬೀಸಿ ಗಾಳಿ ಎಳೆದುಕೊಂಡಾಗ ಬ್ರೆಡ್ಡಿನ ವಾಸನೆಯ ಹಿಂದೆ ಗುಲಾಬಿ ಸ್ಪಷ್ಟವಾಗಿ ಬಂತು. ದಾರಿ ತೆರೆದಿದೆ ಅಂತ ಗೊತ್ತಾಯಿತು, ಇನ್ನು ಪ್ಲೇಟುಗಳಿಗೆ ಕೈಹಾಕಬಹುದು.

ಹಿಂಡಿ ತೆಗೆಯುವುದು

ಇಲ್ಲಿ ರಸಾಯನ ಶಾಸ್ತ್ರವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಟ್ರಿಪ್ಟೋಫಾನ್, ಸೆರೊಟೋನಿನ್, ಟ್ರಿಪ್ಟಮೀನ್ ಇವೆಲ್ಲ ಆಮ್ಲೀಯ ನೀರಿನಲ್ಲಿ ವಿದ್ಯುದಂಶ ಹೊತ್ತಿರುತ್ತವೆ, ನೀರನ್ನು ಬಿಟ್ಟು ಬರುವುದಿಲ್ಲ. ಟ್ರಿಪ್ಟೋಫಾಲ್, ಎನ್-ಅಸಿಟೈಲ್ ಸೆರೊಟೋನಿನ್ (ಅಸಿಟೈಲ್ ಅಂಟಿದ ಸೆರೊಟೋನಿನ್), ಮೆಲಟೋನಿನ್ ಮೂರಕ್ಕೂ ವಿದ್ಯುದಂಶ ಇಲ್ಲ. ಅವು ಈಥೈಲ್ ಅಸಿಟೇಟ್ ಅನ್ನುವ ದ್ರಾವಕಕ್ಕೆ ಜಾರಿಕೊಳ್ಳುತ್ತವೆ. ಯೀಸ್ಟ್ ಬೆಳೆದಂತೆ ಮೇವು ತಾನಾಗಿಯೇ ಹುಳಿಯಾಗುವುದರಿಂದ ನಾನು ಆಮ್ಲ ಸೇರಿಸಬೇಕಾಗಿಯೇ ಬರಲಿಲ್ಲ.

ಯೀಸ್ಟನ್ನು ತಳಕ್ಕೆ ಕೂರಿಸಿ, ತಿಳಿಯನ್ನು ಸೋಸಿ, ಉಪ್ಪು ಕರಗುವಷ್ಟು ಹಾಕಿ, ಬೇರ್ಪಡಿಸುವ ಲಾಳಿಕೆಯಲ್ಲಿ ಈಥೈಲ್ ಅಸಿಟೇಟ್ ಜೊತೆ ತಿರುಗಿಸಿದೆ. ತಿರುಗಿಸಬೇಕು, ಕುಲುಕಬಾರದು. ಕುಲುಕಿದರೆ ಯೀಸ್ಟ್‌ನ ಪ್ರೋಟೀನ್ ಸೇರಿ ಎರಡು ಪದರದ ನಡುವೆ ಬಿಳಿ ನೊರೆ ಕಟ್ಟಿಕೊಳ್ಳುತ್ತದೆ, ಎಷ್ಟು ಕಾದರೂ ಒಡೆಯುವುದಿಲ್ಲ. ಉಪ್ಪು ಇದ್ದರೆ ಆ ಕಾಟ ಕಡಿಮೆ. ಮೇಲಿನ ಪದರವನ್ನು ತೆಗೆದು, ಗಾಳಿಯಾಡುವ ಕಡೆ, ಬೆಂಕಿ ಕಿಡಿ ಹತ್ತಿರ ಸುಳಿಯದ ಹಾಗೆ, ಬೆಚ್ಚನೆ ನೀರಿನ ಮೇಲೆ ಆರಿಸಿದೆ. 100 ಮಿ.ಲೀ. ಮೇವಿನ ಸಾರವನ್ನು ಕೊನೆಗೆ 1 ಮಿ.ಲೀ. ಎಥನಾಲಿಗೆ ಇಳಿಸಿಕೊಂಡೆ.

ಪ್ಲೇಟು ಓಡಿಸಿದ್ದು

ಪ್ಲೇಟಿನ ತಳದಿಂದ ಒಂದು ಸೆಂ.ಮೀ. ಮೇಲೆ ಪೆನ್ಸಿಲ್ ಗೆರೆ. ಪೆನ್ನಾದರೆ ಶಾಯಿಯೇ ಮೇಲೆ ಓಡುತ್ತದೆ. ಕ್ಯಾಪಿಲರಿ ನಳಿಗೆಯಿಂದ ಒಂದೊಂದು ಜಾಗಕ್ಕೆ 5 ಮೈಕ್ರೋಲೀಟರ್, ಅದೂ ಒಂದೇ ಸಲ ಅಲ್ಲ. ಮುಟ್ಟಿಸು, ಒಣಗಿಸು, ಮತ್ತೆ ಮುಟ್ಟಿಸು. ಚುಕ್ಕೆ ಅಕ್ಕಿಕಾಳಿಗಿಂತ ಸಣ್ಣದಿರಬೇಕು. ಮುಚ್ಚಳದ ಗಾಜಿನ ಜಾಡಿ, ಒಳಗೋಡೆಗೆ ಸೋಸುಕಾಗದ, ತಳದಲ್ಲಿ ಈಥೈಲ್ ಅಸಿಟೇಟ್. ಆವಿ ತುಂಬಿದ ಮೇಲೆ ಪ್ಲೇಟು ಇಳಿಸಿದೆ.

ಬಣ್ಣಕ್ಕೆ ಎರ್ಲಿಖ್ ದ್ರಾವಣ. ಇದು ಬೇರೆ ಎರ್ಲಿಖ್, ಪಾಲ್ ಎರ್ಲಿಖ್. ದಾರಿ ಫೆಲಿಕ್ಸ್‌ನದು, ಬಣ್ಣ ಪಾಲ್‌ನದು, ಒಂದೇ ಬೆಂಚಿನಲ್ಲಿ ಇಬ್ಬರೂ. ಪ್ಯಾರಾ-ಡೈಮಿಥೈಲ್‌ಅಮೈನೋ ಬೆಂಜಾಲ್ಡಿಹೈಡ್ 1 ಗ್ರಾಂ, ಎಥನಾಲ್ 50 ಮಿ.ಲೀ., ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲ 50 ಮಿ.ಲೀ. ಆಮ್ಲದ ಹೊಗೆ ಉಸಿರು ಕಟ್ಟಿಸುತ್ತದೆ, ಹೊಗೆ ಎಳೆಯುವ ಹುಡ್ ಇಲ್ಲದೆ ಈ ಹೆಜ್ಜೆ ಬೇಡ. ಇಂಡೋಲ್ ಉಂಗುರದ ಎರಡನೇ ಜಾಗ ಖಾಲಿ ಇದ್ದರೆ ದ್ರಾವಣ ಅಲ್ಲಿ ಕಚ್ಚಿಕೊಂಡು ನೇರಳೆ ಅಥವಾ ನೀಲಿ ಬಣ್ಣ ಬರಿಸುತ್ತದೆ. ಫಿನೈಲ್‌ಎಥನಾಲ್‌ಗೆ ಇಂಡೋಲ್ ಇಲ್ಲ, ಅದಕ್ಕೆ ಬಣ್ಣವೂ ಇಲ್ಲ.

ಮೊದಲು ದೀಪದ ಪೆಟ್ಟಿಗೆ. ಹಸಿರು ಹಿನ್ನೆಲೆಯಲ್ಲಿ ಮೂರನೇ ಫ್ಲಾಸ್ಕಿನ ಓಣಿ, ಅಂದರೆ ಅದರ ಸಾರ ಮೇಲಕ್ಕೆ ಓಡಿದ ಪಟ್ಟಿ, ಕಪ್ಪಗೆ ಉದ್ದಕ್ಕೆ ಮೆತ್ತಿಕೊಂಡಿತ್ತು. ವಸ್ತು ಅತಿಯಾದರೆ ಹೀಗೆ ಬಾಲ ಎಳೆಯುತ್ತದೆ. ಸಾರವನ್ನು ಇಪ್ಪತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿದಾಗ ದುಂಡಗಿನ ಒಂದು ಚುಕ್ಕೆ, ಪ್ಲೇಟಿನ ಅರ್ಧಕ್ಕಿಂತ ಮೇಲೆ, ಪಕ್ಕದ ಟ್ರಿಪ್ಟೋಫಾಲ್ ಸ್ಟ್ಯಾಂಡರ್ಡಿನ (ಹೋಲಿಕೆಗೆ ಹಾಕಿದ ಶುದ್ಧ ವಸ್ತುವಿನ) ಎತ್ತರಕ್ಕೇ ನಿಂತಿತ್ತು. ಎರ್ಲಿಖ್ ದ್ರಾವಣದಲ್ಲಿ ಅದ್ದಿ ಬೆಚ್ಚಗೆ ಮಾಡಿದಾಗ ಮೊದಲು ಗುಲಾಬಿ ಛಾಯೆ, ನಿಧಾನವಾಗಿ ನೇರಳೆ, ಅಂಚಿನಿಂದ ಒಳಕ್ಕೆ ನೀಲಿ. ತಿಳಿದಷ್ಟು ಪ್ರಮಾಣದ ಸ್ಟ್ಯಾಂಡರ್ಡ್ ಚುಕ್ಕೆಗಳ ಸಾಲಿನ ಜೊತೆ ಕಣ್ಣಳತೆಯಲ್ಲಿ ಹೋಲಿಸಿದರೆ ಮೇವಿನಲ್ಲಿ ಲೀಟರಿಗೆ ನೂರಿನ್ನೂರು ಮಿಲಿಗ್ರಾಂ ಟ್ರಿಪ್ಟೋಫಾಲ್. 1 ಗ್ರಾಂ ಟ್ರಿಪ್ಟೋಫಾನ್ ಪೂರ್ತಿ ಬದಲಾದರೂ ಅಣುತೂಕದ ಲೆಕ್ಕದಲ್ಲಿ ಸುಮಾರು 0.79 ಗ್ರಾಂ ಮೀರುವ ಹಾಗಿಲ್ಲ. ಹಾಗಾಗಿ ಈ ಅಂಕಿ ನಂಬುವಂತಿದೆ.

ಅಮೋನಿಯಂ ಮತ್ತು ಟ್ರಿಪ್ಟೋಫಾನ್ ಎರಡೂ ಇದ್ದ ಫ್ಲಾಸ್ಕಿನಲ್ಲಿ ಅದೇ ಚುಕ್ಕೆ ಇತ್ತು, ಆದರೆ ಎಷ್ಟೋ ಸಣ್ಣದು. ಅಮೋನಿಯಂ ಮಾತ್ರ ಇದ್ದ ಓಣಿಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು. ಯೀಸ್ಟ್ ಇಲ್ಲದ ಓಣಿ ಖಾಲಿ. ಅಂದರೆ ಒಳ್ಳೆಯ ಸಾರಜನಕ ಸಿಕ್ಕರೆ ಯೀಸ್ಟ್ ಈ ದಾರಿಯನ್ನು ಅರ್ಧ ಮುಚ್ಚಿಬಿಡುತ್ತದೆ. 2006ರಲ್ಲಿ ಚೆನ್ ಮತ್ತು ಫಿಂಕ್ ಇದರ ಇನ್ನೊಂದು ಮುಖ ತೋರಿಸಿದ್ದರು. ಟ್ರಿಪ್ಟೋಫಾಲ್, ಫಿನೈಲ್‌ಎಥನಾಲ್ ಎರಡೂ ಯೀಸ್ಟ್ ಕೋಶಗಳ ನಡುವಿನ ಸಂಕೇತಗಳು. ಸಾರಜನಕ ಕಡಿಮೆಯಾಗಿ ಇವು ಸುತ್ತ ಸೇರಿಕೊಂಡಾಗ ಕೋಶಗಳು ಉದ್ದಕ್ಕೆ ಎಳೆಯಾಗಿ ಬೆಳೆಯುತ್ತವೆ. ಅಮೋನಿಯಂ ಇದ್ದರೆ ಇವುಗಳ ಉತ್ಪತ್ತಿಯೇ ತಗ್ಗುತ್ತದೆ. ಹೊರಗೆ ಎಸೆದದ್ದೆಲ್ಲ ಕಸವಲ್ಲ.

ಮೆಲಟೋನಿನ್ ಯಾಕೆ ಕಾಣುವುದಿಲ್ಲ

ಮೆಲಟೋನಿನ್ ಸ್ಟ್ಯಾಂಡರ್ಡನ್ನು 10 ಮೈಕ್ರೋಗ್ರಾಂನಿಂದ ಇಳಿಸುತ್ತ ಒಂದು ಸಾಲು ಚುಕ್ಕೆ ಹಾಕಿದೆ. ಎರ್ಲಿಖ್ ಬಣ್ಣದಲ್ಲಿ ನನ್ನ ಕಣ್ಣಿಗೆ ಖಚಿತವಾಗಿ ಕಂಡಿದ್ದು ಅರ್ಧ ಮೈಕ್ರೋಗ್ರಾಂವರೆಗೆ. ಅದರ ಕೆಳಗೆ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.

ಈಗ ಲೆಕ್ಕ. ಮಾಮೂಲಿ ಯೀಸ್ಟ್ ಹೊರಬಿಡುವ ಮೆಲಟೋನಿನ್ ನ್ಯಾನೋಗ್ರಾಂಗಳ ಮಟ್ಟದ್ದು. ಮಿಲಿಲೀಟರಿಗೆ 1 ನ್ಯಾನೋಗ್ರಾಂ ಅಂತ ಇಟ್ಟುಕೊಳ್ಳಿ. 100 ಮಿ.ಲೀ. ಮೇವಿನಲ್ಲಿ 0.1 ಮೈಕ್ರೋಗ್ರಾಂ. ಅದೆಲ್ಲ 1 ಮಿ.ಲೀ. ಎಥನಾಲಿಗೆ ಬಂತು ಅಂದರೂ 5 ಮೈಕ್ರೋಲೀಟರ್ ಚುಕ್ಕೆಯಲ್ಲಿ ಇರುವುದು 0.0005 ಮೈಕ್ರೋಗ್ರಾಂ. ಕಾಣಬೇಕಾದರೆ ಇದರ ಸಾವಿರ ಪಟ್ಟು ಬೇಕು. ಮೇವನ್ನು ಹತ್ತು ಪಟ್ಟು, ನೂರು ಪಟ್ಟು ಹೆಚ್ಚಿಸಿ ಸಾರವನ್ನು ಇನ್ನೂ ಗಟ್ಟಿ ಮಾಡುತ್ತೇನೆ ಅಂದರೆ ಟ್ರಿಪ್ಟೋಫಾಲ್ ಕೂಡ ಅಷ್ಟೇ ಪಟ್ಟು ಗಟ್ಟಿಯಾಗುತ್ತದೆ. ಅದರ ಪ್ರಮಾಣ ಮೊದಲೇ ಲಕ್ಷ ಪಟ್ಟು ಜಾಸ್ತಿ. ಅದು ಎಳೆಯುವ ಬಾಲದಡಿಯಲ್ಲಿ ಕೆಳಗಿರುವ ಮೆಲಟೋನಿನ್ ಹೂತುಹೋಗುತ್ತದೆ. ಗಟ್ಟಿ ಸಾರದ ಪ್ಲೇಟನ್ನೂ ಓಡಿಸಿ ನೋಡಿದೆ. ಮೆಲಟೋನಿನ್ ಎತ್ತರದಲ್ಲಿ ಒಂದು ಮಬ್ಬು ಇತ್ತು. ಆದರೆ ಅಮೋನಿಯಂ ಮಾತ್ರ ಇದ್ದ ಓಣಿಯಲ್ಲೂ ಅಂಥದ್ದೇ ಮಬ್ಬು ಇತ್ತು. ಅದನ್ನು ಮೆಲಟೋನಿನ್ ಅಂತ ಕರೆಯುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ಇಂಥ ಮಬ್ಬಿನ ಫೋಟೋ ಹಾಕಿ ಸಿಕ್ಕಿತು ಅಂತ ಬರೆಯುವುದು ಸುಲಭ.

ಹೋಲಿಕೆಗೆ ಒಂದು ಅಂಕಿ. 2016ರಲ್ಲಿ ಡೆನ್ಮಾರ್ಕಿನ ತಂಡವೊಂದು ಬೇರೆ ಜೀವಿಗಳ ಜೀನ್‌ಗಳನ್ನು ಯೀಸ್ಟ್‌ಗೆ ಹಾಕಿ, ಟೆಟ್ರಾಹೈಡ್ರೋಬಯೋಪ್ಟೆರಿನ್ ಮಾಡುವ ಮತ್ತು ಮರಳಿ ಬಳಸುವ ವ್ಯವಸ್ಥೆಯನ್ನೂ ಸೇರಿಸಿ, ಗ್ಲುಕೋಸ್‌ನಿಂದಲೇ ಮೆಲಟೋನಿನ್ ಮಾಡಿಸಿತು. 76 ಗಂಟೆಯಲ್ಲಿ ಲೀಟರಿಗೆ 14.5 ಮಿಲಿಗ್ರಾಂ. ಆ ಯೀಸ್ಟ್ ಆಗಿದ್ದರೆ ನನ್ನ ಪ್ಲೇಟಿನಲ್ಲಿ ಚುಕ್ಕೆ ಆರಾಮವಾಗಿ ಕಾಣುತ್ತಿತ್ತು. ಕೊರತೆ ಇರುವುದು ಪ್ಲೇಟಿನಲ್ಲಿ ಅಲ್ಲ, ಮಾಮೂಲಿ ಯೀಸ್ಟ್‌ಗೆ ಅಷ್ಟು ಮಾಡುವ ಅಗತ್ಯವೇ ಇಲ್ಲ.

ಮತ್ತೆ ಅದಕ್ಕೆ ಮೆಲಟೋನಿನ್ ಯಾಕೆ ಬೇಕು? ಮೆಲಟೋನಿನ್ ಇದ್ದಾಗ ಯೀಸ್ಟ್ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ನೇರಳಾತೀತ ಬೆಳಕಿನ ಹೊಡೆತವನ್ನು ಹೆಚ್ಚು ತಡೆದುಕೊಳ್ಳುತ್ತದೆ ಅಂತ ಸ್ಪೇನಿನ ಪ್ರಯೋಗಗಳು ತೋರಿಸಿವೆ. ಅದೊಂದೇ ಕೆಲಸವೋ, ಕೋಶದ ಒಳಗೆ ಸಂಕೇತದ ಪಾತ್ರವೂ ಇದೆಯೋ ಅನ್ನುವ ಚರ್ಚೆ ನಡೆದಿದೆ. ಸಂಕೇತದ ಕೆಲಸಕ್ಕಾದರೆ ನ್ಯಾನೋಗ್ರಾಂ ಸಾಕು ಅನ್ನುವುದು ನನ್ನ ಅನಿಸಿಕೆ.

ಒಂದು ಹೆಜ್ಜೆ ಹಿಂದಿನಿಂದ

ಟ್ರಿಪ್ಟೋಫಾನ್‌ನಿಂದ ಶುರು ಮಾಡಿದರೆ ಎರ್ಲಿಖ್ ದಾರಿ ಎಲ್ಲವನ್ನೂ ನುಂಗುತ್ತದೆ. ಹಾಗಾದರೆ ಆ ಕವಲು ದಾಟಿದ ಮೇಲಿನ ವಸ್ತುವನ್ನೇ ಕೊಟ್ಟರೆ? ಸೆರೊಟೋನಿನ್ ಕೊಟ್ಟು, ಅಸಿಟೈಲ್ ಅಂಟುತ್ತದೆಯೇ ಅಂತ ನೋಡುವುದು. ಅಂಟಿದರೆ ಸಿಗುವುದು ಎನ್-ಅಸಿಟೈಲ್ ಸೆರೊಟೋನಿನ್, ಮೆಲಟೋನಿನ್‌ಗೆ ಒಂದು ಮಿಥೈಲ್ ಮಾತ್ರ ಕಮ್ಮಿ.

ಬೆಳೆದ ಯೀಸ್ಟನ್ನು ತೊಳೆದು, ಗ್ಲುಕೋಸ್ ಇರುವ ಹೊಸ ನೀರಿನಲ್ಲಿ ದಪ್ಪಗೆ ಕಲಸಿ, ಪಿಎಚ್ 5ರ ಹತ್ತಿರ ಇಟ್ಟು, 20 ಮಿ.ಲೀ.ಗೆ ಸೆರೊಟೋನಿನ್ ಹೈಡ್ರೋಕ್ಲೋರೈಡ್ 4.25 ಮಿಲಿಗ್ರಾಂ ಹಾಕಿದೆ, ಅಂದರೆ 1 ಮಿಲಿಮೋಲಾರ್. ಸೆರೊಟೋನಿನ್ ಬೆಳಕಿಗೆ, ಕ್ಷಾರಕ್ಕೆ ಕಂದುಗಟ್ಟುತ್ತದೆ. ಹುಳಿ ನೀರು, ಕತ್ತಲು ಎರಡೂ ಬೇಕು. ಜೊತೆಗೆ ಎರಡು ಕಂಟ್ರೋಲ್: ಕುದಿಸಿ ಕೊಂದ ಯೀಸ್ಟ್ ಒಂದು, ಯೀಸ್ಟೇ ಇಲ್ಲದ್ದು ಇನ್ನೊಂದು. ಕುದಿಸಿದ್ದು ಯಾಕೆಂದರೆ, ಸತ್ತ ಕೋಶದಿಂದ ಸೋರಿದ ಯಾವುದೋ ವಸ್ತು ಚುಕ್ಕೆಯಾಗಿ ಕಾಣುತ್ತಿದ್ದರೆ ಅದು ಇಲ್ಲೂ ಕಾಣಬೇಕು.

ಲೆಕ್ಕ ಈ ಸಲ ನಮ್ಮ ಕಡೆ ಇದೆ. ನೂರರಲ್ಲಿ ಒಂದು ಪಾಲು ಬದಲಾದರೂ ಸುಮಾರು 44 ಮೈಕ್ರೋಗ್ರಾಂ. ಸಾರವನ್ನು 0.2 ಮಿ.ಲೀ.ಗೆ ಇಳಿಸಿದರೆ 5 ಮೈಕ್ರೋಲೀಟರಿನಲ್ಲಿ 1 ಮೈಕ್ರೋಗ್ರಾಂ ಬರುತ್ತದೆ, ಕಾಣುವ ಮಿತಿಯ ಮೇಲೆ. ಬದಲಾಗದ ಸೆರೊಟೋನಿನ್ ನೀರಿನಲ್ಲೇ ಉಳಿಯುತ್ತದೆ, ಪ್ಲೇಟು ಕೆಡಿಸುವುದಿಲ್ಲ.

ದ್ರಾವಕವನ್ನು ಈಥೈಲ್ ಅಸಿಟೇಟ್ 9 ಪಾಲು, ಮೆಥನಾಲ್ 1 ಪಾಲು ಮಾಡಿಕೊಂಡೆ. ಬರೀ ಈಥೈಲ್ ಅಸಿಟೇಟ್‌ನಲ್ಲಿ ಈ ವಸ್ತು ತಳ ಬಿಟ್ಟು ಏಳುವುದೇ ಕಷ್ಟ. ಬಣ್ಣ ಬಂದಾಗ ಜೀವಂತ ಯೀಸ್ಟ್‌ನ ಓಣಿಯಲ್ಲಿ ತೆಳು ನೀಲಿ ಚುಕ್ಕೆ, ಸ್ಟ್ಯಾಂಡರ್ಡಿನ ಎತ್ತರಕ್ಕೆ ಸರಿಯಾಗಿ. ಕುದಿಸಿದ ಯೀಸ್ಟ್‌ನ ಓಣಿಯಲ್ಲಿ ಇಲ್ಲ. ಯೀಸ್ಟ್ ಇಲ್ಲದ್ದರಲ್ಲಿ ಇಲ್ಲ. ಸಾರವನ್ನೂ ಸ್ಟ್ಯಾಂಡರ್ಡನ್ನೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಹಾಕಿ ಓಡಿಸಿದೆ. ಎರಡಾಗಿ ಒಡೆಯಲಿಲ್ಲ, ಒಂದೇ ಚುಕ್ಕೆ. ಬ್ಯುಟನಾಲ್, ಅಸಿಟಿಕ್ ಆಮ್ಲ, ನೀರು 4:1:1 ದ್ರಾವಕದಲ್ಲೂ ಹಾಗೆಯೇ.

ಎರಡು ದ್ರಾವಕದಲ್ಲಿ ಒಂದೇ ಎತ್ತರ, ಒಂದೇ ಬಣ್ಣ, ಸತ್ತ ಯೀಸ್ಟ್‌ನಲ್ಲಿ ಗೈರು. ಸಾಕ್ಷಿ ಗಟ್ಟಿ ಇದೆ, ಆದರೆ ಗುರುತಿನ ಚೀಟಿ ಅಲ್ಲ. ಅದಕ್ಕೆ ಅಣುವಿನ, ಅದರ ಚೂರುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಇದನ್ನು ಯಾರಾದರೂ ಮುಂದುವರಿಸುವುದಾದರೆ ಕೇಳಬೇಕಾದ್ದು ಇಷ್ಟು: ಎನ್-ಅಸಿಟೈಲ್ ಸೆರೊಟೋನಿನ್‌ಗೆ 219ರಿಂದ 160ಕ್ಕೆ ಒಡೆಯುವ ಗುರುತು, ಮೆಲಟೋನಿನ್‌ಗೆ 233ರಿಂದ 174ಕ್ಕೆ. ಸಾರವನ್ನು ಒಣಗಿಸಿ, ಕಂದು ಬಣ್ಣದ ಸೀಸೆಯಲ್ಲಿ, ಫ್ರೀಜರಿನಲ್ಲಿ ಇಟ್ಟಿದ್ದೇನೆ. ಜೀವಂತ ಯೀಸ್ಟ್‌ನ ಸಾರದ ಜೊತೆ ಕುದಿಸಿದ್ದರ ಸಾರವೂ ಅಷ್ಟೇ ಮುಖ್ಯ, ಎರಡನ್ನೂ ಒಟ್ಟಿಗೆ ಕಳಿಸಬೇಕು.

ಪ್ಲೇಟುಗಳ ಬಗ್ಗೆ ಒಂದು ಸೂಚನೆ. ಎರ್ಲಿಖ್ ಬಣ್ಣ ನಿಲ್ಲುವುದಿಲ್ಲ. ಹಿನ್ನೆಲೆ ಹಳದಿಗೆ ತಿರುಗಿ ತೆಳು ಚುಕ್ಕೆಗಳು ಅದರಲ್ಲಿ ಕರಗುತ್ತವೆ. ಹಾಗಾಗಿ ಬಣ್ಣ ಬಂದ ಕೂಡಲೇ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಒಂದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ದೀಪದ ಪೆಟ್ಟಿಗೆಯಲ್ಲಿ ಕಂಡ ಚುಕ್ಕೆಗಳ ಸುತ್ತ ಪೆನ್ಸಿಲ್ ಗೆರೆಯನ್ನು ಬಣ್ಣ ಹಾಕುವ ಮೊದಲೇ ಎಳೆಯಿರಿ. ಯೀಸ್ಟನ್ನು ಎಸೆಯುವ ಮುಂಚೆ ಕುದಿಸಿ. ಈಥೈಲ್ ಅಸಿಟೇಟ್ ಮತ್ತು ಎರ್ಲಿಖ್ ದ್ರಾವಣದ ಉಳಿಕೆ ಬೇರೆ ಬೇರೆ ಸೀಸೆಗೆ ಹೋಗಬೇಕು, ಮೋರಿಗೆ ಅಲ್ಲ.